ಫೋಟೊದ ಅಂಚಿನಲ್ಲಿ ನಿಲ್ಲುವ ಪಿ.ಡಿ. ಸರ್

ಯಾವುದೇ ಕಾಲೇಜಿನ ಕಾರಿಡಾರಿನಲ್ಲಿ ತೂಗುಹಾಕಿರುವ ಫುಟ್‌ಬಾಲ್ ತಂಡದ ಫೋಟೊ ನೋಡಿ. ಮಧ್ಯದಲ್ಲಿ ಪ್ರಾಂಶುಪಾಲರು, ಪಕ್ಕದಲ್ಲಿ ಕಪ್ ಹಿಡಿದ ನಾಯಕ, ಹಿಂದೆ ಕೈಕಟ್ಟಿ ನಿಂತ ಹುಡುಗರು. ತೀರಾ ತುದಿಯಲ್ಲಿ ಕೊರಳಿಗೆ ಸೀಟಿ ಹಾಕಿಕೊಂಡ ಒಬ್ಬರು ಇರುತ್ತಾರೆ. ಗೋಲು ಹೊಡೆದವನ ಹೆಸರು ಇಡೀ ಕ್ಯಾಂಪಸ್ಸಿಗೆ ಗೊತ್ತು. ತುದಿಯಲ್ಲಿ ನಿಂತವರು ಮಾತ್ರ ನಮಗೆ ಬರೀ ‘ಪಿ.ಡಿ. ಸರ್’.

ಪಿ.ಡಿ. ಎಂದರೆ ದೈಹಿಕ ಶಿಕ್ಷಣ ನಿರ್ದೇಶಕರು. ಹುದ್ದೆಯ ಹೆಸರು ದೊಡ್ಡದು, ಆದರೆ ಎಷ್ಟೋ ಕಾಲೇಜುಗಳಲ್ಲಿ ಆ ವಿಭಾಗಕ್ಕೆಲ್ಲ ಅವರೊಬ್ಬರೇ. ಟಿ.ವಿ.ಯಲ್ಲಿ ನಾವು ನೋಡುವ ಕ್ಲಬ್‌ಗಳಿಗೆ ಮುಖ್ಯ ಕೋಚ್, ಸಹಾಯಕ ಕೋಚ್, ಗೋಲ್‌ಕೀಪಿಂಗ್ ಕೋಚ್, ಫಿಸಿಯೊ, ವಿಡಿಯೊ ವಿಶ್ಲೇಷಕ ಎಂದು ಬೆಂಚು ತುಂಬಾ ಜನ. ನಮ್ಮಂಥ ಕಾಲೇಜಿನಲ್ಲಿ ಆ ಬೆಂಚಿನ ಕೆಲಸವೆಲ್ಲ ಒಬ್ಬರದೇ. ಬೆಳಿಗ್ಗೆ ಫುಟ್‌ಬಾಲ್, ಸಂಜೆ ವಾಲಿಬಾಲ್, ನಡುವೆ ಚೆಸ್ ತಂಡದ ಅರ್ಜಿಗೆ ಸಹಿ, ಮಧ್ಯಾಹ್ನ ಯಾರದೋ ಊದಿಕೊಂಡ ಕಾಲಿಗೆ ಐಸ್.

ವಾಲಿಬಾಲ್ ಹುಡುಗ ಗೋಲ್‌ಕೀಪರ್ ಆದದ್ದು

ನಮ್ಮ ಹಿರೀಸಾವೆ ಬೆಂಗಳೂರು–ಮಂಗಳೂರು ಹೆದ್ದಾರಿಯ ಮೇಲಿನ ಊರು. ಸುತ್ತ ತೆಂಗಿನ ತೋಟ. ಸಂಜೆಯಾದರೆ ವಾಲಿಬಾಲ್ ನೆಟ್ ಏಳುತ್ತದೆ, ಹಬ್ಬಕ್ಕೆ ಕಬಡ್ಡಿ, ಬೇಸಿಗೆ ರಜೆಗೆ ಟೆನಿಸ್ ಬಾಲ್ ಕ್ರಿಕೆಟ್. ಫುಟ್‌ಬಾಲ್ ಎಂದರೆ ನಾಲ್ಕು ವರ್ಷಕ್ಕೊಮ್ಮೆ ಹಾಕುವ ಮೆಸ್ಸಿ, ರೊನಾಲ್ಡೊ ಸ್ಟೇಟಸ್. ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಕಡೆಯ ನನ್ನ ಗೆಳೆಯರಲ್ಲಿ ಹೆಚ್ಚಿನವರು ಬಲೆ ಕಟ್ಟಿದ ಗೋಲ್‌ಪೋಸ್ಟ್ ಮುಂದೆ ನಿಂತದ್ದೇ ಕಾಲೇಜಿಗೆ ಬಂದ ಮೇಲೆ.

ಬೆಂಗಳೂರಿನ ಆಸ್ಟಿನ್ ಟೌನ್, ಹಲಸೂರು, ಗೌತಮಪುರದ ಕಥೆ ಬೇರೆ. ಅಲ್ಲಿ ಮಗು ನಡೆಯಲು ಕಲಿಯುವಾಗಲೇ ಚೆಂಡು ಕಾಲಿಗೆ ಸಿಗುತ್ತದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 1–2ರಿಂದ ಸೋತಾಗ ನಮ್ಮ ಆ ಒಂದೇ ಗೋಲು ಹೊಡೆದ ರಾಮನ್ ಬೆಂಗಳೂರಿನವರು. ಅಂಥ ಕಡೆ ಕೋಚ್ ಆಟಗಾರರನ್ನು ಆರಿಸಿಕೊಳ್ಳಬಹುದು. ನಮ್ಮ ಕಡೆ ತಯಾರಿಸಿಕೊಳ್ಳಬೇಕು.

ನಮ್ಮ ಪಿ.ಡಿ. ಸರ್ ಮಾಡುವುದು ಅದನ್ನೇ. ಮೊದಲ ದಿನ ಅವರು ‘ಯಾರಿಗೆ ಫುಟ್‌ಬಾಲ್ ಬರುತ್ತೆ?’ ಎಂದು ಕೇಳುವುದಿಲ್ಲ. ‘ಊರಲ್ಲಿ ಏನಾಡ್ತಿದ್ರಿ?’ ಎಂದು ಕೇಳುತ್ತಾರೆ. ಕಬಡ್ಡಿಯಲ್ಲಿ ಕಾರ್ನರ್ ಆಡುತ್ತಿದ್ದವನು ಡಿಫೆಂಡರ್. ಮೈ ತಗ್ಗಿಸಿ ಎದುರಾಳಿಯ ಸೊಂಟದ ಮೇಲೆ ಕಣ್ಣಿಡುವುದು ಅವನಿಗೆ ಮೊದಲೇ ಗೊತ್ತು. ಹೈಸ್ಕೂಲಿನಲ್ಲಿ 800 ಮೀಟರ್ ಓಡಿದವನು ವಿಂಗ್‌ಗೆ. ವಾಲಿಬಾಲ್ ಬ್ಲಾಕ್‌ಗೆ ಹಾರುತ್ತಿದ್ದವನು ಗೋಲ್‌ಕೀಪರ್. ನಾನು ಬಲೆಯ ಮುಂದೆ ನಿಂತಿದ್ದು ಹೀಗೆ. ಚೆಂಡಿಗೆ ಹೆದರದಿದ್ದರೆ ಅರ್ಧ ಕೆಲಸ ಮುಗಿಯಿತು ಎನ್ನುತ್ತಾರೆ ಸರ್. ಉಳಿದರ್ಧವೇ ಕಷ್ಟ: ವಾಲಿಬಾಲ್‌ನಲ್ಲಿ ಚೆಂಡು ಬಂದ ಕ್ಷಣ ಕಳಿಸಬೇಕು, ಇಲ್ಲಿ ಹಿಡಿದು ಎದೆಗೆ ಒತ್ತಿಕೊಳ್ಳಬೇಕು. ಕೈಗೆ ಅಂಟಿದ ಅಭ್ಯಾಸ ಬಿಡಿಸಲು ವಾರಗಟ್ಟಲೆ ಬೇಕು. ಆ ವಾರಗಳ ತಾಳ್ಮೆಗೆ ಕಪ್ ಕೊಡುವವರಿಲ್ಲ.

ಒಂದೇ ಪಂದ್ಯದ ವರ್ಷ

ಲೆಕ್ಕ ಸರಳ. 16 ತಂಡಗಳ ನಾಕೌಟ್ ಟೂರ್ನಿಯಲ್ಲಿ ಮೊದಲ ಸುತ್ತಿಗೇ 8 ತಂಡ ಮನೆಗೆ. ಅಂದರೆ ಅರ್ಧದಷ್ಟು ಕಾಲೇಜುಗಳಿಗೆ ಇಡೀ ವರ್ಷದ ಅಭ್ಯಾಸ ಒಂದೇ ಪಂದ್ಯಕ್ಕೆ. ಅಲ್ಲಿಂದ ಮೇಲೇರಿದರೆ ವಿ.ಟಿ.ಯು. ತಂಡದ ಆಯ್ಕೆ, ಅದರಾಚೆ ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ಅಂತರ ವಿಶ್ವವಿದ್ಯಾಲಯ ಟೂರ್ನಿ. ಆ ಒಂದು ಪಂದ್ಯಕ್ಕೂ ಮುಂಚೆ ಪಿ.ಡಿ. ಸರ್ ಆಡುವ ಪಂದ್ಯಗಳು ಬೇರೆಯೇ ಇವೆ. ವಯಸ್ಸಿನ ದಾಖಲೆಗೆ ಪ್ರತಿಯೊಬ್ಬನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಸಂಗ್ರಹಿಸಬೇಕು, ಇಂಟರ್ನಲ್ಸ್ ಇರುವ ದಿನ ಹುಡುಗರನ್ನು ಬಿಡಿ ಎಂದು ವಿಭಾಗ ಮುಖ್ಯಸ್ಥರ ಮುಂದೆ ನಿಲ್ಲಬೇಕು, ಹಾಜರಾತಿ ಕೊಡಿಸಬೇಕು, ಬಸ್ ಖರ್ಚಿನ ಬಿಲ್ಲಿಗೆ ಕಚೇರಿ ಅಲೆಯಬೇಕು.

ಇನ್ನೊಂದು ವಿಚಿತ್ರವಿದೆ. ಕಾಲೇಜು ತಂಡಕ್ಕೆ ವಯಸ್ಸಾಗುವುದಿಲ್ಲ, ಕೋಚ್‌ಗೆ ಮಾತ್ರ ಆಗುತ್ತದೆ. ಒಬ್ಬ ಹುಡುಗ ತಲೆಯೆತ್ತಿ ಪಾಸ್ ಕೊಡುವುದನ್ನು ಕಲಿಯುವಷ್ಟರಲ್ಲಿ ಅಂತಿಮ ವರ್ಷ ಮುಗಿಸಿ ಬೆಂಗಳೂರಿನ ಕಂಪನಿ ಸೇರಿರುತ್ತಾನೆ. ಮುಂದಿನ ವರ್ಷ ಮತ್ತೆ ‘ಊರಲ್ಲಿ ಏನಾಡ್ತಿದ್ರಿ?’ ಎಂಬಲ್ಲಿಂದಲೇ ಶುರು.

ಮೇಷ್ಟ್ರ ಕೈಯಲ್ಲಿ ಗೆದ್ದ ದೇಶ

ಕೋಚ್ ಎಂದರೆ ವಿದೇಶದಿಂದ ಬಂದವರು ಎಂಬ ಭಾವನೆ ನಮ್ಮಲ್ಲಿದೆ. ಆದರೆ ಭಾರತದ ಫುಟ್‌ಬಾಲ್ ಅತಿ ಎತ್ತರಕ್ಕೆ ಹೋದದ್ದು ಹೈದರಾಬಾದಿನ ಒಬ್ಬ ಶಾಲಾ ಮೇಷ್ಟ್ರ ಕೈಯಲ್ಲಿ. ಸೈಯದ್ ಅಬ್ದುಲ್ ರಹೀಂ ಅವರ ತರಬೇತಿಯಲ್ಲಿ ಭಾರತ 1951 ಮತ್ತು 1962ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದಿತು, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆಯಿತು. 1963ರಲ್ಲಿ ಅವರು ಕ್ಯಾನ್ಸರ್‌ನಿಂದ ತೀರಿಕೊಂಡರು. ನಮ್ಮ ಪೀಳಿಗೆಯ ಬಹಳಷ್ಟು ಜನರಿಗೆ ಅವರ ಹೆಸರು ತಲುಪಿದ್ದು 2024ರಲ್ಲಿ ‘ಮೈದಾನ್’ ಸಿನಿಮಾ ಬಂದಾಗ. ಆರು ದಶಕ ತಡವಾಗಿ!

ಕರ್ನಾಟಕದ್ದೇ ಉದಾಹರಣೆ ಬೇಕೇ? 2023ರ ಮಾರ್ಚ್‌ನಲ್ಲಿ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ನಡೆದ ಸಂತೋಷ್ ಟ್ರೋಫಿ ಫೈನಲ್‌ನಲ್ಲಿ ನಮ್ಮ ರಾಜ್ಯ ಮೇಘಾಲಯವನ್ನು 3–2ರಿಂದ ಮಣಿಸಿತು. 1968–69ರಲ್ಲಿ ಮೈಸೂರು ಎಂಬ ಹೆಸರಿನಲ್ಲಿ ಗೆದ್ದ ಮೇಲೆ 54 ವರ್ಷಕ್ಕೆ ಬಂದ ಕಪ್ ಅದು. ಆ ತಂಡದ ಕೋಚ್ ರವಿ ಬಾಬು ರಾಜು. ನಿಮ್ಮ ಹಾಸ್ಟೆಲ್‌ನಲ್ಲಿ ಆ ಹೆಸರು ಎಷ್ಟು ಜನಕ್ಕೆ ಗೊತ್ತು, ಕೇಳಿ ನೋಡಿ.

ಇದೂ ಒಂದು ಉದ್ಯೋಗ

ಉದ್ಯೋಗ ಹುಡುಕುತ್ತಿರುವ ಗೆಳೆಯರಿಗೆ ಒಂದು ಮಾತು. ಪಿ.ಡಿ. ಹುದ್ದೆ ‘ಆಟ ಆಡಿಸುವ ಕೆಲಸ’ ಎಂದು ಹಗುರವಾಗಿ ಕಾಣಬೇಡಿ. ಯು.ಜಿ.ಸಿ.ಯ 2018ರ ನಿಯಮದಂತೆ ಇದಕ್ಕೆ ದೈಹಿಕ ಶಿಕ್ಷಣದಲ್ಲಿ ಶೇ 55 ಅಂಕಗಳ ಸ್ನಾತಕೋತ್ತರ ಪದವಿ, ನೆಟ್ ಅಥವಾ ಕೆ–ಸೆಟ್‌ನಂಥ ಅರ್ಹತೆ, ಸ್ಪರ್ಧೆಗಳಲ್ಲಿ ಆಡಿದ ದಾಖಲೆ ಬೇಕು. ಮೇಲೆ ದೇಹದಾರ್ಢ್ಯ ಪರೀಕ್ಷೆ: 30 ವರ್ಷದೊಳಗಿನ ಪುರುಷರು 12 ನಿಮಿಷದಲ್ಲಿ 1,800 ಮೀಟರ್, ಮಹಿಳೆಯರು 8 ನಿಮಿಷದಲ್ಲಿ 1,000 ಮೀಟರ್ ಕ್ರಮಿಸಬೇಕು. ಬೇರೆ ಯಾವ ಪ್ರಾಧ್ಯಾಪಕರಿಗೆ ಈ ಪರೀಕ್ಷೆ ಇದೆ ಹೇಳಿ?

ಫುಟ್‌ಬಾಲ್ ಕೋಚ್ ಮಾತ್ರ ಆಗಬೇಕೆಂದರೆ ಬೇರೆ ದಾರಿಗಳಿವೆ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ 1961ರಿಂದ ಕೋಚ್‌ಗಳನ್ನು ತಯಾರಿಸುತ್ತಿದೆ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ‘ಡಿ’ ಲೈಸೆನ್ಸ್‌ನಿಂದ ಆರಂಭಿಸಿ ಸಿ, ಬಿ, ಎ, ಪ್ರೊ ಎಂದು ಮೆಟ್ಟಿಲು ಹತ್ತಬಹುದು. ನಮ್ಮಂಥ ಬಿ.ಇ. ವಿದ್ಯಾರ್ಥಿಗಳಿಗೆ ವಿಡಿಯೊ ವಿಶ್ಲೇಷಣೆ, ಡೇಟಾ ಕೆಲಸಗಳೂ ತೆರೆದಿವೆ. ಅಭ್ಯಾಸಕ್ಕೆ ದೊಡ್ಡ ಕ್ಲಬ್ ಬೇಡ. ನಿಮ್ಮ ಕಾಲೇಜಿನ ಪಂದ್ಯವನ್ನೇ ಮೊಬೈಲಿನಲ್ಲಿ ಚಿತ್ರೀಕರಿಸಿ, ಯಾವ ಬದಿಯಿಂದ ಹೆಚ್ಚು ಚೆಂಡು ಕಳೆದುಕೊಂಡೆವು ಎಂದು ಎಣಿಸಿ ಪಿ.ಡಿ. ಸರ್‌ಗೆ ಕೊಡಿ. ಅವರ ಖಾಲಿ ಬೆಂಚಿನಲ್ಲಿ ಒಬ್ಬರಾದರೂ ಕೂತಂತಾಗುತ್ತದೆ.

ಹೊಸ ಕಟ್ಟಡ ಬೇಕೆಂದಾಗ ಮೊದಲು ಕಣ್ಣಿಗೆ ಬೀಳುವುದು ಆಟದ ಮೈದಾನ. ಖರ್ಚು ಉಳಿಸಬೇಕೆಂದಾಗ ಮೊದಲು ನೆನಪಾಗುವುದು ಪಿ.ಡಿ. ಹುದ್ದೆ. ಬೇರೆ ಉಪನ್ಯಾಸಕರಿಗೆ ಹೆಚ್ಚುವರಿ ಹೊಣೆ ಕೊಟ್ಟು ಕೈತೊಳೆದುಕೊಂಡರೆ ಕಾಗದದಲ್ಲಿ ವಿಭಾಗ ಉಳಿಯುತ್ತದೆ, ಬೆಳಗಿನ ಆರು ಗಂಟೆಗೆ ಮೈದಾನದಲ್ಲಿ ಯಾರೂ ಇರುವುದಿಲ್ಲ. ವಿ.ಟಿ.ಯು. 2022ರ ಸ್ಕೀಮಿನಲ್ಲಿ ಮೂರರಿಂದ ಆರನೇ ಸೆಮಿಸ್ಟರ್‌ವರೆಗೆ ದೈಹಿಕ ಶಿಕ್ಷಣ, ಯೋಗ, ಎನ್.ಎಸ್.ಎಸ್. ಪೈಕಿ ಒಂದು ಕಡ್ಡಾಯ, ಆದರೆ ಕ್ರೆಡಿಟ್ ಸೊನ್ನೆ. ನಮ್ಮಲ್ಲಿ ಹಲವರು ಅದನ್ನು ಬರೀ ಸಹಿ ಹಾಕಿಸುವ ವಿಷಯವಾಗಿಸಿದ್ದೇವೆ. ಸೋತಾಗ ಹೆಗಲ ಮೇಲೆ ಕೈಯಿಟ್ಟು ‘ನಾಳೆ ಆರಕ್ಕೆ ಬಾ’ ಎನ್ನುವ ಪಾಠ ಉಳಿದ ಯಾವ ವಿಷಯದಲ್ಲೂ ನನಗೆ ಸಿಕ್ಕಿಲ್ಲ. ನಿಮ್ಮ ಕಾಲೇಜಿನಲ್ಲಿ ಅಂಥ ಒಬ್ಬರಿದ್ದರೆ ಈ ಸೆಮಿಸ್ಟರ್‌ನಲ್ಲಿ ಒಮ್ಮೆಯಾದರೂ ಆರಕ್ಕೆ ಹೋಗಿ. ಇಲ್ಲದಿದ್ದರೆ ಯಾಕಿಲ್ಲ ಎಂದು ಕೇಳಿ.

– ಬಿ.ಇ. ವಿದ್ಯಾರ್ಥಿ, ಹಿರೀಸಾವೆ