ಬೆಂಗಳೂರು ಯಾವ ಕಡೆಗೆ ಹರಡುತ್ತೆ?

ಬೆಂಗಳೂರನ್ನು ತಡೆದು ನಿಲ್ಲಿಸೋದು ಯಾವುದು?

ಮುಂಬೈಗೆ ಸಮುದ್ರ ಅಡ್ಡ ಬಂತು.
ಆ ಊರು ಉತ್ತರಕ್ಕೆ ಉದ್ದವಾಯಿತು, ಮೇಲಕ್ಕೆ ಬೆಳೆಯಿತು.

ಬೆಂಗಳೂರಿಗೆ ಸಮುದ್ರ ಇಲ್ಲ. ದೊಡ್ಡ ನದಿಯೂ ಇಲ್ಲ.
ಇದು ಸುಮಾರು 900 ಮೀಟರ್ ಎತ್ತರದ ಪ್ರಸ್ಥಭೂಮಿ.
ಕಾವಲಿ ಮೇಲೆ ಹುಯ್ದ ದೋಸೆಹಿಟ್ಟಿನ ಹಾಗೆ,
ಸಮತಟ್ಟು ಸಿಕ್ಕ ಕಡೆ ಊರು ಹರಡಿಕೊಂಡಿತು.

ಆದರೆ ಎಲ್ಲ ಕಡೆಗೂ ಒಂದೇ ಸಮ ಅಲ್ಲ, ನೋಡಿ.

ದಕ್ಷಿಣಕ್ಕೆ ಬನ್ನೇರುಘಟ್ಟದ ಕಾಡು.
ಪಶ್ಚಿಮಕ್ಕೆ ಅರ್ಕಾವತಿ ಕಣಿವೆ, ತಿಪ್ಪಗೊಂಡನಹಳ್ಳಿ ಜಲಾಶಯ, ಮಾಗಡಿಯ ಕಲ್ಲುಗುಡ್ಡ.
ಪೂರ್ವಕ್ಕೆ? ಬರೀ ಬಯಲು.
ವೈಟ್‌ಫೀಲ್ಡ್, ಸರ್ಜಾಪುರದ ಹೊಲಗಳಲ್ಲಿ ಟೆಕ್ ಪಾರ್ಕು, ಅಪಾರ್ಟ್‌ಮೆಂಟು ಎದ್ದವು.

ಈಗ ಉತ್ತರಕ್ಕೆ ಬನ್ನಿ.
ದೇವನಹಳ್ಳಿ ಅಂದರೆ ಚಕ್ಕೋತ, ದ್ರಾಕ್ಷಿ.
2008ರಲ್ಲಿ ಇಲ್ಲಿ ವಿಮಾನ ನಿಲ್ದಾಣ ಶುರುವಾಯಿತು.
ರನ್‌ವೇಗೂ ಬೇಕಾದದ್ದು ಅಗಲವಾದ ಬಯಲು, ರೈತನ ತೋಟಕ್ಕೂ ಅದೇ.
ಹೆದ್ದಾರಿ ಪಕ್ಕದ ಜಮೀನು ಒಂದೊಂದಾಗಿ ಲೇಔಟ್ ಆಯಿತು.

ಮುಂದೆ, ದೇವನಹಳ್ಳಿಯದೇ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆಯನ್ನು ಏರೋಸ್ಪೇಸ್ ಪಾರ್ಕಿಗಾಗಿ ಸ್ವಾಧೀನ ಮಾಡಿಕೊಳ್ಳಲು ಸರ್ಕಾರ ಗುರುತಿಸಿತು.
ಗುಡ್ಡ, ಕಾಡು ಅಡ್ಡವಿಲ್ಲದ ಆ ಬಯಲಲ್ಲಿ, ರೈತರೇ ಅಡ್ಡ ನಿಂತರು.
ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು!

2025ರ ಜುಲೈನಲ್ಲಿ ಸರ್ಕಾರ ಆ ಸ್ವಾಧೀನವನ್ನು ಕೈಬಿಟ್ಟಿತು.
ಒಪ್ಪಿ ಕೊಡುವವರ ಜಮೀನು ಮಾತ್ರ ತಗೋತೀವಿ ಅಂತ ಹೇಳಿತು.