ಸಂಜೆ ಏಳು ಗಂಟೆಯ ಕರೆಂಟ್ ಯಾರದು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಪಸ್ವಲ್ಪ ತಿದ್ದಲಾಗಿದೆ.)

 

ಹೋದ ವಾರ ದಾವಣಗೆರೆಯಿಂದ ಒಬ್ಬ ಡಿಗ್ರಿ ಸ್ಟೂಡೆಂಟ್ ವಾಯ್ಸ್ ನೋಟ್ ಕಳಿಸಿದ್ದ. "ಅಣ್ಣಾ, ನಾನು ದಿನಾ ಎಐ ಹತ್ರ ನೋಟ್ಸ್ ಕೇಳ್ತೀನಿ. ಒಂದೊಂದು ಪ್ರಶ್ನೆಗೂ ಸಿಕ್ಕಾಪಟ್ಟೆ ಕರೆಂಟ್ ಹೋಗುತ್ತಂತೆ, ರೀಲ್ಸಲ್ಲಿ ನೋಡ್ದೆ. ಮನೇಲಿ ನೋಡಿದ್ರೆ ಅಮ್ಮ ಚಾರ್ಜರ್ ಸ್ವಿಚ್ ಆಫ್ ಮಾಡಿಲ್ಲ ಅಂತ ಬೈತಾರೆ, ಇನ್ನೂರು ಯೂನಿಟ್ ದಾಟಿದ್ರೆ ಏನ್ ಗತಿ ಅಂತಾರೆ. ನಾನು ಏನಾದ್ರೂ ತಪ್ಪು ಮಾಡ್ತಿದೀನಾ?"

ಒಳ್ಳೇ ಪ್ರಶ್ನೆ. ನಾನು ಇಂಜಿನಿಯರ್ ಅಲ್ಲ, ಬಿ.ಕಾಂ ಓದಿದವನು. ಹಾಗಾಗಿ ನನಗೆ ಗೊತ್ತಿರೋ ದಾರೀಲೇ ಹೋಗ್ತೀನಿ. ಮೊದಲು ಲೆಕ್ಕ ಹಾಕೋಣ, ಆಮೇಲೆ ಭಯ ಪಡಬೇಕಾ ಬೇಡವಾ ನೋಡೋಣ.

ಮೊಬೈಲಿನ ಲೆಕ್ಕ

ಈಗಿನ ಫೋನಿನ ಬ್ಯಾಟರಿ ಸಾಮಾನ್ಯವಾಗಿ 5000 ಎಂಎಎಚ್ ಇರುತ್ತೆ. ಅದನ್ನ ಪೂರ್ತಿ ತುಂಬೋಕೆ, ಚಾರ್ಜರಲ್ಲಿ ಬಿಸಿಯಾಗಿ ಹೋಗೋದನ್ನೂ ಸೇರಿಸಿದ್ರೆ, ಸುಮಾರು 25 ವ್ಯಾಟ್-ಅವರ್ ಬೇಕು. ಒಂದು ಯೂನಿಟ್ ಅಂದ್ರೆ 1000 ವ್ಯಾಟ್-ಅವರ್. ದಿನಾ ಒಂದು ಸಲ ಫುಲ್ ಚಾರ್ಜ್ ಮಾಡಿದ್ರೂ ವರ್ಷಕ್ಕೆ ಹತ್ತು ಯೂನಿಟ್ ಆಗಲ್ಲ.

ಇನ್ನು ಎಐ. ಓಪನ್‌ಎಐ ಮುಖ್ಯಸ್ಥ ಸ್ಯಾಮ್ ಆಲ್ಟ್‌ಮನ್ 2025ರ ಜೂನ್‌ನಲ್ಲಿ, ಚಾಟ್‌ಜಿಪಿಟಿಗೆ ಕೇಳೋ ಒಂದು ಪ್ರಶ್ನೆಗೆ ಸರಾಸರಿ 0.34 ವ್ಯಾಟ್-ಅವರ್ ಬೇಕು ಅಂತ ಬರೆದ್ರು. ಎರಡು ತಿಂಗಳಾದ ಮೇಲೆ ಗೂಗಲ್, ಜೆಮಿನೈನಲ್ಲಿ ಅಕ್ಷರದ ಪ್ರಶ್ನೆಗೆ 0.24 ಅಂತ ಹೇಳ್ತು. ಎರಡೂ ಕಂಪನಿಗಳೇ ಕೊಟ್ಟ ಲೆಕ್ಕ ಅನ್ನೋದು ನೆನಪಿರಲಿ. ವಿಡಿಯೊ ಮಾಡಿಸಿದ್ರೆ ಇದಕ್ಕಿಂತ ತುಂಬಾ ಜಾಸ್ತಿ ಆಗುತ್ತೆ. ಆದರೂ ದಿನಕ್ಕೆ 50 ಪ್ರಶ್ನೆ ಕೇಳಿದ್ರೂ ವರ್ಷಕ್ಕೆ ಆರು ಯೂನಿಟ್ ಚಿಲ್ಲರೆ ಆಗುತ್ತೆ ಅಷ್ಟೆ.

ಈಗ ಒಂದೂವರೆ ಟನ್ ಎಸಿ ತಗೊಳ್ಳಿ. ಬೇಸಿಗೇಲಿ ರಾತ್ರಿ ಎಂಟು ಗಂಟೆ ಓಡಿದ್ರೆ, ಮಾಡೆಲ್ ಯಾವುದು ಅನ್ನೋದರ ಮೇಲೆ 6ರಿಂದ 10 ಯೂನಿಟ್ ತಿನ್ನುತ್ತೆ. ಅಂದ್ರೆ ನಿನ್ನ ಫೋನು ಒಂದು ವರ್ಷಕ್ಕೆ ತಿನ್ನೋದನ್ನ ಎಸಿ ಒಂದೇ ರಾತ್ರೀಲಿ ಮುಗಿಸುತ್ತೆ. ಎರಡು ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆ ಹಾಕಿದ್ರೆ ಒಂದು ಯೂನಿಟ್.

ಹಾಗಾಗಿ ತಮ್ಮಾ, ನಿನ್ನ ನೋಟ್ಸಿಂದ ನಾಡು ಕತ್ತಲಾಗಲ್ಲ. ಅಮ್ಮ ಹೇಳಿದ ಹಾಗೆ ಸ್ವಿಚ್ ಆಫ್ ಮಾಡು, ಒಳ್ಳೇ ಅಭ್ಯಾಸ. ಆದರೆ ಗಲಾಟೆ ಇರೋದು ಬೇರೆ ಕಡೆ.

ಗೋಡೌನ್ ಇಲ್ಲದ ವ್ಯಾಪಾರ

ನಮ್ಮ ಅಕೌಂಟ್ಸ್ ಪುಸ್ತಕದಲ್ಲಿ ಕ್ಲೋಸಿಂಗ್ ಸ್ಟಾಕ್ ಅಂತ ಬರುತ್ತೆ. ಅಂಗಡೀಲಿ ಇವತ್ತು ಮಾರಾಟ ಆಗದ ಅಕ್ಕಿ ನಾಳೆಗೆ ಇರುತ್ತೆ. ಕರೆಂಟ್ ವ್ಯಾಪಾರದಲ್ಲಿ ಹೆಚ್ಚುಕಮ್ಮಿ ಆ ಸ್ಟಾಕೇ ಇಲ್ಲ. ಎಲ್ಲೆಲ್ಲಿ ಸ್ವಿಚ್ ಹಾಕಿದ್ದಾರೋ ಅಷ್ಟು ಕರೆಂಟ್ ಅದೇ ಕ್ಷಣದಲ್ಲಿ ಎಲ್ಲೋ ತಯಾರಾಗ್ತಿರಬೇಕು. ಹೆಚ್ಚಾದ್ರೂ ಕಷ್ಟ, ಕಮ್ಮಿಯಾದ್ರೂ ಕಷ್ಟ.

ಮೊದಲು ಇದು ಸ್ವಲ್ಪ ಸುಲಭ ಇತ್ತು. ರಾಯಚೂರಲ್ಲಿ ಕಲ್ಲಿದ್ದಲು ಉರಿಸಬಹುದು, ಶರಾವತೀಲಿ ಗೇಟ್ ತೆಗೀಬಹುದು. ಈಗ ನಮ್ಮ ರಾಜ್ಯದಲ್ಲಿ ಬಿಸಿಲು, ಗಾಳಿಯಿಂದ ಬರೋ ಕರೆಂಟ್ ತುಂಬಾ ಇದೆ. ಪಾವಗಡದ ಸೋಲಾರ್ ಪಾರ್ಕ್ ಒಂದೇ 2,050 ಮೆಗಾವ್ಯಾಟಿಂದು, ಸುಮಾರು 13 ಸಾವಿರ ಎಕರೆ ರೈತರ ಜಮೀನಲ್ಲಿ, ಗುತ್ತಿಗೆಗೆ ತಗೊಂಡು ಕಟ್ಟಿರೋದು. ಇದು ಒಳ್ಳೇದೇ. ಆದರೆ ಸೂರ್ಯ ನಮ್ಮ ಟೈಮ್‌ಟೇಬಲ್ ಕೇಳಲ್ಲ. ಮಧ್ಯಾಹ್ನ ಕರೆಂಟ್ ಧಾರಾಳವಾಗಿರುತ್ತೆ. ಸಂಜೆ ಆರೂವರೆ ಆಯ್ತು ಅಂದ್ರೆ ಪಾವಗಡ ಸೊನ್ನೆ. ಅದೇ ಹೊತ್ತಿಗೆ ನಾವೆಲ್ಲ ಆಫೀಸು, ಕಾಲೇಜಿಂದ ಮನೆಗೆ ಬಂದು ಲೈಟು, ಟಿವಿ, ಮಿಕ್ಸಿ, ಎಸಿ ಹಾಕ್ತೀವಿ, ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜಿಗೆ ಇಡ್ತೀವಿ.

ಒಂದು ದಿನದ ಒಟ್ಟು ಬೇಡಿಕೆ ಮಧ್ಯಾಹ್ನವೇ ಜಾಸ್ತಿ ಇರಬಹುದು, ಯಾಕಂದ್ರೆ ಪಂಪ್‌ಸೆಟ್ಟು, ಫ್ಯಾಕ್ಟರಿ ಎಲ್ಲ ಆಗ ಓಡ್ತವೆ. ಆದರೆ ಆಗ ಬಿಸಿಲಿನ ಆಸರೆ ಇದೆ. ಕಷ್ಟದ ಹೊತ್ತು ಅಂದ್ರೆ ಸೂರ್ಯ ಮುಳುಗಿದ ಮೇಲೆ, ಮತ್ತೆ ಬೆಳಗ್ಗೆ ಸೂರ್ಯ ಏರೋ ಮುಂಚೆ ಊರೆಲ್ಲ ಗೀಸರ್ ಹಾಕಿದಾಗ. ಹಾಗಾಗಿ ಎಷ್ಟು ಯೂನಿಟ್ ಅನ್ನೋದರ ಜೊತೆಗೆ ಎಷ್ಟು ಗಂಟೆಗೆ ಅಂತಾನೂ ಕೇಳಬೇಕು.

ನಮ್ಮ ಚಿಕ್ಕಪ್ಪನ ಸ್ಟಾರ್ಟರ್

ನನಗೆ ಇದು ಅರ್ಥ ಆಗಿದ್ದು 2023ರ ಅಕ್ಟೋಬರ್‌ನಲ್ಲಿ. ಮಳೆ ಕೈಕೊಟ್ಟಿತ್ತು, ರಾಜ್ಯದ ಮುಕ್ಕಾಲುಪಾಲಿಗಿಂತ ಹೆಚ್ಚು ತಾಲ್ಲೂಕುಗಳಲ್ಲಿ ಬರ. ಡ್ಯಾಮಲ್ಲಿ ನೀರಿಲ್ಲ, ಬೋರ್‌ವೆಲ್ ಮೇಲೆ ಹೊರೆ ಜಾಸ್ತಿ. ಪಂಪ್‌ಸೆಟ್‌ಗೆ ಏಳು ಗಂಟೆ ಕೊಡ್ತಿದ್ದ ತ್ರೀ ಫೇಸ್ ಐದು ಗಂಟೆಗೆ ಇಳೀತು. ರೈತರು ರಸ್ತೆಗಿಳಿದ್ರು. ಸರ್ಕಾರ ಉತ್ತರ ಪ್ರದೇಶ, ಪಂಜಾಬ್ ಜೊತೆ ಕೈಗಡದ ಮಾತಾಡ್ತು, ಈಗ ಕೊಡಿ, ಆಮೇಲೆ ವಾಪಸ್ ಕೊಡ್ತೀವಿ ಅಂತ. ರಾಜ್ಯದೊಳಗಿನ ಖಾಸಗಿ ಉತ್ಪಾದಕರು ಕರೆಂಟನ್ನ ರಾಜ್ಯಕ್ಕೇ ಮಾರಬೇಕು ಅಂತ ಆದೇಶ ಹೊರಡಿಸ್ತು.

ಆ ದಿನಗಳಲ್ಲಿ ನಾನು ಶಿರಾ ಕಡೆ ನಮ್ಮ ಊರಿಗೆ ಹೋಗಿದ್ದೆ. ಚಿಕ್ಕಪ್ಪ ರಾತ್ರಿ ಊಟ ಮಾಡಿ ಮಲಗೋ ಬದಲು ಟಾರ್ಚ್ ಹುಡುಕ್ತಾ ಇದ್ರು. ಊರಿನ ವಾಟ್ಸ್ಆ್ಯಪ್ ಗ್ರೂಪಲ್ಲಿ "ತ್ರೀ ಫೇಸ್ ಬಂತಾ?" ಅಂತ ಒಂದಾದ ಮೇಲೊಂದು ಮೆಸೇಜು. ರಾತ್ರಿ ಒಂದೂವರೆಗೆ ಬಂತು. ಚಿಕ್ಕಪ್ಪ ಎದ್ದು ಹೊರಟ್ರು, ನಾನೂ ಹಿಂದೆ ಹೋದೆ. ಬದುವಿನ ಮೇಲೆ ಕೋಲು ಬಡೀತಾ ನಡೀತಿದ್ರು. "ಯಾಕೆ ಚಿಕ್ಕಪ್ಪ?" ಅಂದೆ. "ಹಾವಿರ್ತವೆ ಕಣಪ್ಪ, ಅವಕ್ಕೂ ರಾತ್ರಿ ಪಾಳಿ" ಅಂದ್ರು. ನಗ್ತಾ ಹೇಳಿದ್ರು, ನನಗೆ ನಗು ಬರಲಿಲ್ಲ.

ಅವತ್ತು ಸಂಜೆ ಏಳು ಗಂಟೆಗೆ ಬೆಂಗಳೂರಲ್ಲಿ ನನ್ನ ರೂಮ್‌ಮೇಟ್ ಎಸಿ ಹಾಕ್ಕೊಂಡು ಮ್ಯಾಚ್ ನೋಡ್ತಿದ್ದ. ತಪ್ಪೇನಿಲ್ಲ, ಅವನು ಬಿಲ್ ಕಟ್ತಾನೆ. ಆದರೆ ಇರೋ ಕರೆಂಟ್ ಸಾಲದೇ ಹೋದಾಗ ಯಾರೋ ಒಬ್ಬರ ಸರದಿ ಮುಂದಕ್ಕೆ ಹೋಗುತ್ತೆ. ಯಾರದು ಅನ್ನೋದನ್ನ ಲೆಕ್ಕಾಚಾರಕ್ಕಿಂತ ರಾಜಕೀಯ ತೀರ್ಮಾನ ಮಾಡುತ್ತೆ. ನಗರದ ಸಂಜೆ ಹೊತ್ತಿನ ಲೈನ್ ಕಟ್ ಮಾಡಿದ್ರೆ ರಾತ್ರೀನೇ ಟಿವೀಲಿ ಸುದ್ದಿ. ಚಿಕ್ಕಪ್ಪ ರಾತ್ರಿ ಎದ್ದು ಹೋಗೋದು ಯಾವ ಸುದ್ದೀಲೂ ಬರಲ್ಲ.

ಫ್ರೀ ಕರೆಂಟಿಗೆ ಗಡಿಯಾರ ಇಲ್ಲ

ಈಗ ಅಮ್ಮನ ಇನ್ನೂರು ಯೂನಿಟ್ ಚಿಂತೆ. ಗೃಹಜ್ಯೋತಿ 2023ರ ಜುಲೈನಿಂದ ಜಾರಿಗೆ ಬಂತು. ಇನ್ನೂರು ಯೂನಿಟ್ ಎಲ್ಲರಿಗೂ ಫ್ರೀ ಅಂತ ಬಹಳ ಜನ ಅಂದ್ಕೊಂಡಿದ್ದಾರೆ. ಹಾಗಿಲ್ಲ. ಶುರುವಾದಾಗಿನ ನಿಯಮದ ಪ್ರಕಾರ 2022-23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಎಷ್ಟಿತ್ತೋ, ಅದರ ಮೇಲೆ ಶೇ 10 ಸೇರಿಸಿ ಅಷ್ಟು ಫ್ರೀ. ಸರಾಸರಿ 60 ಇದ್ರೆ 66 ಫ್ರೀ. 80 ಬಳಸಿದ್ರೆ ಮಿಕ್ಕ 14ಕ್ಕೆ ದುಡ್ಡು ಕಟ್ಟಬೇಕು. 200 ದಾಟಿದ್ರೆ ಪೂರ್ತಿ ಬಿಲ್ ನಿಮ್ಮದೇ.

ಈ ಯೋಜನೆಗೆ ವರ್ಷಕ್ಕೆ ಸುಮಾರು 10 ಸಾವಿರ ಕೋಟಿ ರೂಪಾಯಿ ರಾಜ್ಯದ ಬಜೆಟ್‌ನಿಂದ ಹೋಗುತ್ತೆ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗಳ ಉಚಿತ ಕರೆಂಟಿನ ಸಬ್ಸಿಡಿ ಅದಕ್ಕಿಂತ ದೊಡ್ಡದು. ಇದನ್ನ ಬಿಟ್ಟಿ ಭಾಗ್ಯ ಅಂತ ಆಡಿಕೊಳ್ಳೋರ ಜೊತೆ ನಾನಿಲ್ಲ. ತಿಂಗಳ ಬಿಲ್ಲು ಉಳಿದಾಗ ಮನೇಲಿ ಏನೇನು ಸಾಧ್ಯ ಆಗುತ್ತೆ ಅನ್ನೋದನ್ನ ನಾನು ಕಂಡಿದ್ದೀನಿ. ನನ್ನ ತಕರಾರು ಒಂದೇ: ಈ ಯೋಜನೆ ಯೂನಿಟ್ ಎಣಿಸುತ್ತೆ, ಗಂಟೆ ನೋಡಲ್ಲ. ಮಧ್ಯಾಹ್ನದ ಯೂನಿಟ್ಟಿಗೂ ಸಂಜೆ ಏಳರ ಯೂನಿಟ್ಟಿಗೂ ಅದರ ಕಣ್ಣಲ್ಲಿ ವ್ಯತ್ಯಾಸ ಇಲ್ಲ.

ಕೇಂದ್ರ ಸರ್ಕಾರ 2023ರಲ್ಲಿ ತಂದ ನಿಯಮ ಗಂಟೆ ನೋಡುತ್ತೆ. ಬಿಸಿಲಿನ ಹೊತ್ತಲ್ಲಿ ದರ ಕಮ್ಮಿ, ಬೇಡಿಕೆಯ ಹೊತ್ತಲ್ಲಿ ಜಾಸ್ತಿ. ಕೃಷಿ ಬಿಟ್ಟು ಉಳಿದ ಗ್ರಾಹಕರಿಗೆಲ್ಲ ಹಂತಹಂತವಾಗಿ ತರಬೇಕು ಅನ್ನೋದು ಅದರ ಉದ್ದೇಶ. ಸ್ಮಾರ್ಟ್ ಮೀಟರ್ ಬೇಕಾಗೋದು ಇದಕ್ಕೇ. ಕೇಳೋಕೆ ಚೆನ್ನಾಗಿದೆ. ಆದರೆ ಹಗಲೆಲ್ಲ ಗಾರ್ಮೆಂಟ್ಸ್ ಫ್ಯಾಕ್ಟರೀಲಿ ದುಡಿದು ಸಂಜೆ ಏಳಕ್ಕೆ ಮನೆಗೆ ಬಂದು ಅಡುಗೆ ಮಾಡೋ ಅಕ್ಕ ಮಧ್ಯಾಹ್ನದ ಅಗ್ಗದ ಕರೆಂಟನ್ನ ಹೇಗೆ ಬಳಸ್ತಾಳೆ? ಗಂಟೆ ನೋಡಿ ದರ ಹಾಕೋ ಮುಂಚೆ, ಆ ಗಂಟೆ ಬದಲಾಯಿಸೋ ಅನುಕೂಲ ಯಾರಿಗಿದೆ ಅಂತ ನೋಡಬೇಕು.

ಸಂಜೆಗೋಸ್ಕರ ಒಂದು ಕಣಿವೆ

ಕರೆಂಟಿಗೆ ಗೋಡೌನ್ ಕಟ್ಟೋ ಪ್ರಯತ್ನವೂ ನಡೀತಿದೆ. ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಅಂತ ಕೇಳಿರ್ತೀರಾ. ಕರೆಂಟ್ ಹೆಚ್ಚಿದ್ದಾಗ ಗೇರುಸೊಪ್ಪದ ಜಲಾಶಯದಿಂದ ನೀರನ್ನ ಮೇಲಿನ ತಳಕಳಲೆಗೆ ಪಂಪ್ ಮಾಡೋದು, ಬೇಕಾದಾಗ ಅದೇ ನೀರು ಕೆಳಗೆ ಬಿಟ್ಟು 2,000 ಮೆಗಾವ್ಯಾಟ್‌ವರೆಗೆ ತಯಾರಿಸೋದು. ಇಂಥ ಯಾವುದೇ ಯೋಜನೇಲಿ 100 ಯೂನಿಟ್ ಖರ್ಚು ಮಾಡಿ ನೀರೆತ್ತಿದ್ರೆ ವಾಪಸ್ ಸಿಗೋದು ಸುಮಾರು 75ರಿಂದ 80. ಮಿಕ್ಕಿದ್ದು ಗೋಡೌನ್ ಬಾಡಿಗೆ ಅಂದ್ಕೊಳ್ಳಿ.

ಆ ಬಾಡಿಗೆ ಬರೀ ಯೂನಿಟ್ಟಲ್ಲಿ ಮುಗಿಯಲ್ಲ. ಅದು ಸಿಂಗಳೀಕ ಬದುಕೋ ಕಾಡು. ಊರವರು, ಪರಿಸರದವರು ವಿರೋಧ ಮಾಡ್ತಿದ್ದಾರೆ. 1964ರಲ್ಲಿ ಲಿಂಗನಮಕ್ಕಿ ಕಟ್ಟಿದಾಗ ಮುಳುಗಡೆಯಾದ ಕುಟುಂಬಗಳಲ್ಲಿ ಎಷ್ಟೋ ಜನ ಇವತ್ತಿಗೂ ಭೂಮಿಯ ಹಕ್ಕಿಗೆ ಹೋರಾಡ್ತಾನೇ ಇದ್ದಾರೆ. ದೊಡ್ಡ ಬ್ಯಾಟರಿ ಹಾಕಬಹುದಲ್ಲ ಅನ್ನೋದು ವಿರೋಧ ಮಾಡೋರ ಒಂದು ವಾದ. ಬ್ಯಾಟರಿ ಬೆಲೆಯೂ ಇಳೀತಾ ಇದೆ. ನೀವು ಯಾವ ಪಕ್ಷದಲ್ಲಿದ್ರೂ ಪರವಾಗಿಲ್ಲ, ನಮ್ಮ ಸಂಜೆಯ ಬಿಲ್ಲಲ್ಲಿ ಒಂದು ಕಣಿವೆಯ ಹೆಸರೂ ಇದೆ ಅನ್ನೋದು ಗೊತ್ತಿರಲಿ.

ಹಾಗಾದ್ರೆ ಎಐ ಬಗ್ಗೆ ಚಿಂತೆ ಬೇಡ್ವಾ?

ಬೇಕು, ಆದರೆ ಸರಿಯಾದ ಜಾಗದಲ್ಲಿ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಪ್ರಕಾರ 2024ರಲ್ಲಿ ಜಗತ್ತಿನ ಕರೆಂಟಲ್ಲಿ ಸುಮಾರು ಶೇ 1.5 ಡೇಟಾ ಸೆಂಟರ್‌ಗಳಿಗೆ ಹೋಯ್ತು. 2030ರ ಹೊತ್ತಿಗೆ ಅವುಗಳ ಬಳಕೆ ದುಪ್ಪಟ್ಟಿಗಿಂತ ಹೆಚ್ಚಾಗಬಹುದು ಅಂತ ಅಂದಾಜು. ಜಗತ್ತಿನ ಲೆಕ್ಕದಲ್ಲಿ ಚಿಕ್ಕದು ಅನ್ಸುತ್ತೆ. ಆದರೆ ಇವು ಒಂದೇ ಕಡೆ ಗುಂಪಾಗಿ ಬರ್ತವೆ. ಐರ್ಲೆಂಡಲ್ಲಿ 2023ರಲ್ಲಿ ಮೀಟರ್ ಓದಿದ ಒಟ್ಟು ಕರೆಂಟಲ್ಲಿ ಶೇ 21 ಡೇಟಾ ಸೆಂಟರ್‌ಗಳದ್ದೇ.

ನಮ್ಮ ಪಕ್ಕದ ಆಂಧ್ರದ ವಿಶಾಖಪಟ್ಟಣದಲ್ಲಿ ಗಿಗಾವ್ಯಾಟ್ ಪ್ರಮಾಣದ ಎಐ ಕೇಂದ್ರ ಮಾಡ್ತೀವಿ ಅಂತ ಗೂಗಲ್ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸ್ತು. ಒಂದು ಗಿಗಾವ್ಯಾಟ್ ಅಂದ್ರೆ 1000 ಮೆಗಾವ್ಯಾಟ್, ಪಾವಗಡದ ಅರ್ಧ ಅಲ್ವಾ ಅಂತ ಕೇಳಬಹುದು. ಅಲ್ಲ. ಪಾವಗಡದಂಥ ಪಾರ್ಕ್ ರಾತ್ರಿ, ಮೋಡ ಎಲ್ಲ ಸೇರಿಸಿ ಸರಾಸರಿ ತೆಗೆದ್ರೆ ತನ್ನ ಸಾಮರ್ಥ್ಯದ ಕಾಲು ಭಾಗ ಕೊಟ್ರೆ ಹೆಚ್ಚು. ಡೇಟಾ ಸೆಂಟರ್‌ಗೆ ರಾತ್ರಿ ರಜೆ ಇಲ್ಲ. ಅಷ್ಟು ದೊಡ್ಡದೊಂದು ಪೂರ್ತಿ ಓಡಿದ್ರೆ ಎರಡು ಪಾವಗಡ ಬೇಕು, ಜೊತೆಗೆ ರಾತ್ರಿಗೆ ಗೋಡೌನೂ ಬೇಕು. ನಮ್ಮಲ್ಲಿ ಇಂಥದ್ದು ಬಂದಾಗ ಕೇಳಬೇಕಾದ ಪ್ರಶ್ನೆಗಳು ಇವು: ರಾತ್ರಿ ಕರೆಂಟ್ ಎಲ್ಲಿಂದ ತರ್ತೀರಿ? ನೀರು ಎಲ್ಲಿಂದ? ಹೊಸ ಲೈನಿನ ಖರ್ಚು ನಿಮ್ಮದಾ, ನಮ್ಮ ಬಿಲ್ಲಿಂದಾ? ಬರಗಾಲ ಬಂದ್ರೆ ಯಾರ ಸರದಿ ಮುಂದಕ್ಕೆ ಹೋಗುತ್ತೆ?

ನಾವು ಏನು ಮಾಡಬಹುದು

ಅನುಕೂಲ ಇದ್ದೋರು ವಾಷಿಂಗ್ ಮಷಿನ್, ಸಂಪ್‌ನ ಮೋಟರ್, ಸ್ಕೂಟರ್ ಚಾರ್ಜಿಂಗನ್ನ ಹಗಲಿಗೆ ಹಾಕ್ಕೊಳ್ಳಿ. ಎಸಿ 24, 25ರಲ್ಲಿಟ್ಟು ಫ್ಯಾನ್ ಹಾಕಿ. ಇದು ಸಣ್ಣ ಕೆಲಸ.

ದೊಡ್ಡದು ಇನ್ನೊಂದಿದೆ. ನಮ್ಮ ದರ ತೀರ್ಮಾನ ಮಾಡೋದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ದರ ಬದಲಾಯಿಸೋ ಮುಂಚೆ ಅದು ಸಾರ್ವಜನಿಕ ವಿಚಾರಣೆ ನಡೆಸುತ್ತೆ, ಯಾರು ಬೇಕಾದ್ರೂ ಆಕ್ಷೇಪಣೆ ಸಲ್ಲಿಸಬಹುದು. ಉದ್ಯಮದವರು ವಕೀಲರನ್ನ ಕರ್ಕೊಂಡು ಬರ್ತಾರೆ. ನಮ್ಮ ವಯಸ್ಸಿನವರು ಟ್ವೀಟ್ ಮಾಡ್ತೀವಿ. ಮುಂದಿನ ಸಲ ಪ್ರಕಟಣೆ ಬಂದಾಗ ಈ ಪಾಡ್‌ಕಾಸ್ಟಲ್ಲಿ ಹೇಳ್ತೀನಿ, ಒಂದು ಪುಟ ಬರೆದು ಕಳಿಸೋಣ.

ಕೊನೇದಾಗಿ ಒಂದು ಒಳ್ಳೇ ಸುದ್ದಿ. ಸಬ್‌ಸ್ಟೇಷನ್ ಹತ್ರಾನೇ ಸೋಲಾರ್ ಹಾಕಿ ಪಂಪ್‌ಸೆಟ್‌ಗೆ ಹಗಲಲ್ಲೇ ಕರೆಂಟ್ ಕೊಡೋ ಕುಸುಮ್-ಸಿ ಯೋಜನೆ ನಮ್ಮ ರಾಜ್ಯದಲ್ಲೂ ಶುರುವಾಗಿದೆ. ಚಿಕ್ಕಪ್ಪನಿಗೆ ಫೋನ್ ಮಾಡಿ ಹೇಳಿದೆ. "ಬರಲಿ ಬಿಡಪ್ಪ, ನಂಗೇನು ಫ್ರೀ ಬೇಕು ಅಂತಿಲ್ಲ, ಹಗಲು ಹೊತ್ತು ಕೊಟ್ರೆ ಸಾಕು" ಅಂದ್ರು.

ನಿಮ್ಮ ಊರಲ್ಲಿ ತ್ರೀ ಫೇಸ್ ಎಷ್ಟು ಹೊತ್ತಿಗೆ ಬರುತ್ತೆ? ವಾಯ್ಸ್ ನೋಟ್ ಕಳಿಸಿ, ಮುಂದಿನ ಸಂಚಿಕೇಲಿ ಹಾಕೋಣ.