ಟೋಕನ್ ಇಲ್ಲದೆ ರೈಲು ಓಡುತ್ತದೆಯೇ?

ಬೀರೂರು ಬಿಟ್ಟು ಚಿಕ್ಕಜಾಜೂರಿನ ಕಡೆಗೆ ಹೊರಟ ರೈಲು ಅಜ್ಜಂಪುರ ದಾಟಿದ ಮೇಲೆ ಶಿವನಿ ಬರುತ್ತದೆ. ಅಲ್ಲಿಂದ ಹೊಸದುರ್ಗ ರೋಡ್ ಸ್ಟೇಷನ್ನಿಗೆ ಸುಮಾರು 10 ಕಿಲೋಮೀಟರ್. ಈಗ ಅಲ್ಲಿ ಜೋಡಿ ಹಳಿ ಇದೆ. ಒಂದೇ ಹಳಿ ಇದ್ದಾಗ, ಎರಡು ಸ್ಟೇಷನ್ನುಗಳ ನಡುವೆ ಎದುರುಬದುರಾಗಿ ಎರಡು ರೈಲು ನುಗ್ಗಿದರೆ ಗತಿಯೇನು? ನಮ್ಮ ನಾಡಿನ ಒಂಟಿ ಹಳಿಯ ಮಾರ್ಗಗಳಲ್ಲಿ ಆ ಅನಾಹುತವನ್ನು ದಶಕಗಳ ಕಾಲ ತಡೆದದ್ದು ಅಂಗೈಯಲ್ಲಿ ಹಿಡಿಯಬಹುದಾದ ಒಂದು ಉಕ್ಕಿನ ಗುಂಡು. ಅದನ್ನು ಟೋಕನ್ ಎಂದೇ ಕರೆಯುತ್ತಿದ್ದರು. ಪೂರ್ತಿ ಹೆಸರು ನೀಲ್ಸ್ ಬಾಲ್ ಟೋಕನ್.

ಅಕ್ಕಪಕ್ಕದ ಎರಡು ಸ್ಟೇಷನ್ನುಗಳಲ್ಲೂ ಒಂದೊಂದು ಯಂತ್ರದ ಪೆಟ್ಟಿಗೆ. ಎರಡಕ್ಕೂ ವಿದ್ಯುತ್ ತಂತಿಯ ನಂಟು. ಮುಂದಿನ ಸ್ಟೇಷನ್ ಮಾಸ್ತರರು ಗಂಟೆಯ ಸಂಕೇತದಲ್ಲಿ ಒಪ್ಪಿಗೆ ಕೊಟ್ಟರಷ್ಟೇ ಈ ಕಡೆಯ ಪೆಟ್ಟಿಗೆಯಿಂದ ಒಂದು ಗುಂಡು ಹೊರಬರುತ್ತಿತ್ತು. ಒಂದು ಹೊರಬಂದಿತೋ, ಎರಡೂ ಪೆಟ್ಟಿಗೆಗಳಿಗೆ ಬೀಗ ಬಿದ್ದ ಹಾಗೆ. ಆ ಗುಂಡು ಯಾವುದಾದರೊಂದು ಪೆಟ್ಟಿಗೆಗೆ ಮರಳುವ ತನಕ ಇನ್ನೊಂದು ಈಚೆಗೆ ಬರುವಂತಿರಲಿಲ್ಲ. ಗುಂಡನ್ನು ಚರ್ಮದ ಚೀಲಕ್ಕೆ ಹಾಕಿ, ಚೀಲವನ್ನು ದೊಡ್ಡ ಬಳೆಯಂಥ ಬೆತ್ತದ ರಿಂಗಿಗೆ ಕಟ್ಟಿ ಎತ್ತಿ ಹಿಡಿದು ನಿಂತರೆ, ಎಂಜಿನ್ನಿನಿಂದ ಬಾಗಿದವರು ಓಟದಲ್ಲೇ ತೋಳಿಗೆ ಸಿಕ್ಕಿಸಿಕೊಂಡು ಹೋಗುತ್ತಿದ್ದರು. ಗುಂಡು ಕೈಗೆ ಬಂತು ಎಂದರೆ ಮುಂದಿನ ದಾರಿ ಆ ರೈಲಿನದು.

ಶಿವನಿ ಸುತ್ತಿನ ಅಡಿಕೆ ತೋಟಗಳ ಹುಡುಗರ ಮೊಬೈಲಿನಲ್ಲೂ ಇವತ್ತು ‘ಟೋಕನ್’ ಎಂಬ ಪದ ಓಡಾಡುತ್ತಿದೆ. ಇದು ಕ್ರಿಪ್ಟೊ ಟೋಕನ್. ನಿನ್ನೆ ಹತ್ತು ರೂಪಾಯಿ, ಇವತ್ತು ಹದಿನೈದು, ನಾಳೆ ಎರಡು. ಹತ್ತು ವರ್ಷದ ಮೇಲೆ ಇದಕ್ಕೆ ಏನಾದರೂ ಬೆಲೆ ಉಳಿಯುತ್ತದೆಯೇ ಎಂದು ತಿಳಿಯಲು ಯಾವ ಲೆಕ್ಕ ಹಾಕಬೇಕು? ಆ ಉಕ್ಕಿನ ಗುಂಡನ್ನು ಕೈಯಲ್ಲಿ ಹಿಡಿದುಕೊಂಡೇ ಈ ಲೆಕ್ಕ ಮಾಡೋಣ. ಕ್ರಿಪ್ಟೊ ಲೋಕದ ಬಹುಪಾಲು ಪ್ರಶ್ನೆಗಳು ಅದರೊಳಗೇ ಇವೆ.

ಒಂದೇ ಗುಂಡು, ಒಂದೇ ರೈಲು

ಕಂಪ್ಯೂಟರಿನಲ್ಲಿರುವ ಯಾವುದನ್ನಾದರೂ ನಕಲು ಮಾಡಬಹುದು. ಒಂದು ಫೋಟೋವನ್ನು ನೂರು ಜನರಿಗೆ ಕಳಿಸಿದರೂ ನಿಮ್ಮ ಹತ್ತಿರ ಅದು ಹಾಗೆಯೇ ಇರುತ್ತದೆ. ಹಣ ಹಾಗಿರಲು ಸಾಧ್ಯವಿಲ್ಲ. ಅಂಗಡಿಗೆ ಕೊಟ್ಟ ನೋಟನ್ನೇ ಹೋಟೆಲಿಗೂ ಕೊಡುವಂತಾದರೆ ಆ ನೋಟಿಗೆ ಅರ್ಥವೇ ಉಳಿಯುವುದಿಲ್ಲ. ಒಂದೇ ನಾಣ್ಯವನ್ನು ಎರಡು ಸಲ ಖರ್ಚು ಮಾಡುವ ಈ ಮೋಸವನ್ನು ಬ್ಯಾಂಕುಗಳು ತಮ್ಮ ಲೆಕ್ಕದ ಪುಸ್ತಕದಿಂದ ತಡೆಯುತ್ತವೆ. ಬ್ಯಾಂಕಿಲ್ಲದೆಯೂ ತಡೆಯುವ ದಾರಿಯನ್ನು ಸತೋಶಿ ನಕಾಮೊಟೊ ಎಂಬ ಹೆಸರಿನಲ್ಲಿ ಬರೆದವರು 2008ರ ಅಕ್ಟೋಬರ್ 31ರಂದು ಮುಂದಿಟ್ಟರು. 2009ರ ಜನವರಿ 3ರಂದು ಬಿಟ್‌ಕಾಯಿನ್ನಿನ ಮೊದಲ ಬ್ಲಾಕ್ ಹುಟ್ಟಿತು.

ಉಪಾಯ ಹೀಗಿದೆ. ಲೆಕ್ಕದ ಪುಸ್ತಕದ ಪ್ರತಿ ಸಾವಿರಾರು ಕಂಪ್ಯೂಟರುಗಳಲ್ಲಿ ಇರುತ್ತದೆ. ಸರಿಸುಮಾರು ಹತ್ತು ನಿಮಿಷಕ್ಕೆ ಒಂದು ಹೊಸ ಪುಟ, ಅಂದರೆ ಬ್ಲಾಕ್, ಸೇರುತ್ತದೆ. ಪುಟ ಸೇರಿಸುವ ಹಕ್ಕಿಗಾಗಿ ‘ಮೈನರ್’ಗಳು ವಿದ್ಯುತ್ ಸುರಿದು ಒಂದು ಕಠಿಣ ಗಣಿತದ ಒಗಟು ಬಿಡಿಸಬೇಕು. ಹಳೆಯ ಪುಟ ತಿದ್ದಬೇಕೆಂದರೆ ಆ ಪುಟದಿಂದ ಈಚಿನ ಅಷ್ಟೂ ಕೆಲಸವನ್ನು ಮತ್ತೆ ಮಾಡಬೇಕು. ಉಕ್ಕಿನ ಗುಂಡಿಗೆ ಪೆಟ್ಟಿಗೆ ಮಾಡಿದ ಕೆಲಸವನ್ನು ಇಲ್ಲಿ ಗಣಿತ ಮತ್ತು ಖರ್ಚು ಸೇರಿ ಮಾಡುತ್ತವೆ. ಟೋಕನ್ನಿನ ಬೆಲೆಗೆ ಮೊದಲ ಅಡಿಗಲ್ಲು ಇದೇ: ಇದು ಒಂದೇ, ಎರಡಾಗುವುದಿಲ್ಲ ಎಂಬ ಭರವಸೆ.

ಅಡಿಗಲ್ಲು ಹಾಕಿದ ಮಾತ್ರಕ್ಕೆ ಮನೆ ಎದ್ದಂತಾಗಲಿಲ್ಲ.

ಕೊರತೆಯೊಂದೇ ಸಾಲದು

ಈರುಳ್ಳಿ ಬೆಳೆಯುವ ಅಜ್ಜಂಪುರ ಸೀಮೆಯವರಿಗೆ ಪೂರೈಕೆಯ ಪಾಠವನ್ನು ಯಾರೂ ಹೇಳಿಕೊಡಬೇಕಿಲ್ಲ. ಈ ವರ್ಷ ಧಾರಣೆ ಏರಿದರೆ ಮುಂದಿನ ಸಲ ಎಲ್ಲರೂ ಬಿತ್ತುತ್ತಾರೆ, ಧಾರಣೆ ಕುಸಿಯುತ್ತದೆ. ಅಡಿಕೆಯಲ್ಲೂ ಇದೇ ಕಥೆ, ಸಸಿ ಫಸಲಿಗೆ ಬರಲು ಹಲವು ವರ್ಷ ಬೇಕಾದ್ದರಿಂದ ಸ್ವಲ್ಪ ನಿಧಾನ. ಬೆಲೆ ಏರಿದಾಗ ಬೆಳೆ ಹೆಚ್ಚುವುದು ಪ್ರಕೃತಿ.

ಬಿಟ್‌ಕಾಯಿನ್ ಈ ಪ್ರಕೃತಿಯನ್ನು ಮುರಿಯಿತು. ಬೆಲೆ ಏರಿದಾಗ ಹೆಚ್ಚು ಮೈನರ್‌ಗಳು ಬರುತ್ತಾರೆ, ನಿಜ. ಆದರೆ 2,016 ಬ್ಲಾಕಿಗೊಮ್ಮೆ, ಅಂದರೆ ಸುಮಾರು ಎರಡು ವಾರಕ್ಕೊಮ್ಮೆ, ಒಗಟಿನ ಕಾಠಿಣ್ಯ ತಾನಾಗಿ ಹೊಂದಿಕೊಳ್ಳುತ್ತದೆ. ಎಷ್ಟೇ ಜನ ಅಗೆದರೂ ಸಿಗುವ ನಾಣ್ಯ ಅಷ್ಟೇ. ಶುರುವಿನಲ್ಲಿ ಒಂದು ಬ್ಲಾಕ್ ಸೇರಿಸಿದ ಮೈನರ್‌ಗೆ 50 ಹೊಸ ನಾಣ್ಯ ಸಿಗುತ್ತಿತ್ತು. 2,10,000 ಬ್ಲಾಕಿಗೊಮ್ಮೆ ಅದು ಅರ್ಧವಾಗುತ್ತ 2012, 2016, 2020 ದಾಟಿ 2024ರ ಏಪ್ರಿಲ್‌ನಲ್ಲಿ 3.125ಕ್ಕೆ ಇಳಿಯಿತು. ಒಟ್ಟು ಮಿತಿ 2.1 ಕೋಟಿ.

‘ಸಂಖ್ಯೆ ಕಡಿಮೆ, ಆದ್ದರಿಂದ ಬೆಲೆ ಏರಲೇಬೇಕು’ ಎಂದು ಟೋಕನ್ ಮಾರುವವರು ಹೇಳುವುದು ಈ ಲೆಕ್ಕವನ್ನು ತೋರಿಸಿಯೇ. 2017ರ ಆಗಸ್ಟ್ 1ರಂದು ಬಿಟ್‌ಕಾಯಿನ್ನಿನಿಂದ ಒಡೆದು ಬಿಟ್‌ಕಾಯಿನ್ ಕ್ಯಾಶ್ ಬೇರೆಯಾಯಿತು. ಅದಕ್ಕೂ ಅದೇ 2.1 ಕೋಟಿಯ ಮಿತಿ, ಅಲ್ಲಿಯ ತನಕ ಅದೇ ಇತಿಹಾಸ. ಆದರೆ ಬೆಲೆಯಲ್ಲಿ ಅದು ಮೂಲದ ಒಂದು ಸಣ್ಣ ಚೂರಾಗಿ ಉಳಿಯಿತು. ನಿಯಮವನ್ನು ನಕಲು ಮಾಡಬಹುದು, ಆ ನಿಯಮವನ್ನು ನಂಬಿ ಸೇರಿದ ಜನರನ್ನು ನಕಲು ಮಾಡಲಾಗದು. ನನ್ನ ಹಿತ್ತಿಲಲ್ಲಿ ಸಿಕ್ಕ ವಿಚಿತ್ರ ಆಕಾರದ ಕಲ್ಲು ಜಗತ್ತಿನಲ್ಲಿ ಒಂದೇ ಇರಬಹುದು. ಬೇಕೆನ್ನುವವರಿಲ್ಲದಿದ್ದರೆ ಅದು ಕಲ್ಲೇ.

ಹಾಗಾದರೆ ಬೇಕೆನ್ನುವವರು ಯಾಕೆ ಬರುತ್ತಾರೆ? ಗುಂಡಿಗೆ ಬೇಡಿಕೆ ಬಂದದ್ದು ಹಳಿಯಿಂದ. ಹಳಿಯ ಮೇಲೆ ಹೋಗಬೇಕಾದ ರೈಲುಗಳಿದ್ದವು, ರೈಲುಗಳಲ್ಲಿ ಜನ ಮತ್ತು ಸರಕು ಇದ್ದವು. ಒಂದು ಜಾಲಕ್ಕೆ ಜನ ಸೇರಿದಷ್ಟೂ ಅದರ ಉಪಯೋಗ ಹೆಚ್ಚುತ್ತದೆ. ಊರಿನಲ್ಲಿ ಒಬ್ಬರ ಮನೆಯಲ್ಲಷ್ಟೇ ಫೋನ್ ಇದ್ದರೆ ಕರೆ ಮಾಡುವುದು ಯಾರಿಗೆ?

ಕೈಯಿಂದ ಕೈಗೆ ಓಡುವ ಗುಂಡು

ಇಲ್ಲಿ ಒಂದು ವಿಚಿತ್ರ ಗಮನಿಸಿ. ಆ ಗುಂಡಿನ ಅಧಿಕಾರದಲ್ಲಿ ಲಕ್ಷಾಂತರ ರೂಪಾಯಿಯ ಸರಕು ಸಾಗಿತು, ಸಾವಿರಾರು ಜೀವಗಳು ಕ್ಷೇಮವಾಗಿ ಊರು ಮುಟ್ಟಿದವು. ಆದರೂ ಗುಂಡಿನ ಸ್ವಂತ ಬೆಲೆ ಉಕ್ಕಿನ ಬೆಲೆಯನ್ನು ಮೀರಲಿಲ್ಲ. ಯಾಕೆಂದರೆ ಅದನ್ನು ಯಾರೂ ಕೂಡಿಡುತ್ತಿರಲಿಲ್ಲ. ಹತ್ತು ಕಿಲೋಮೀಟರ್ ಹೋದ ಮೇಲೆ ವಾಪಸು ಕೊಡಲೇಬೇಕು, ಮುಂದಿನ ರೈಲಿಗೆ ಅದೇ ಗುಂಡು ಸಾಕು.

ಹಣವೂ ಹೀಗೆ ಕೈಯಿಂದ ಕೈಗೆ ಓಡುವುದನ್ನು ಅರ್ಥಶಾಸ್ತ್ರಜ್ಞರು ಹಣದ ವೇಗ ಎನ್ನುತ್ತಾರೆ. ಅಮೆರಿಕದ ಇರ್ವಿಂಗ್ ಫಿಶರ್ 1911ರಲ್ಲಿ ಇದನ್ನು ಸಮೀಕರಣವಾಗಿ ಬರೆದರು: ಇರುವ ಹಣವನ್ನು ಅದು ಕೈ ಬದಲಿಸುವ ವೇಗದಿಂದ ಗುಣಿಸಿದರೆ ನಡೆದ ವ್ಯಾಪಾರದ ಒಟ್ಟು ಮೊತ್ತ ಸಿಗುತ್ತದೆ. ಸಂತೆಯಲ್ಲಿ ಒಂದೇ ಐನೂರರ ನೋಟು ಸಂಜೆಯೊಳಗೆ ಹತ್ತು ಕೈ ದಾಟಿದರೆ ಐದು ಸಾವಿರದ ವ್ಯಾಪಾರ ಮಾಡಿಸಿರುತ್ತದೆ.

ಈಗ ಒಂದು ಟೋಕನ್ ಊಹಿಸಿಕೊಳ್ಳಿ. ಅದರ ಜಾಲದಲ್ಲಿ ವರ್ಷಕ್ಕೆ 1,000 ಕೋಟಿ ರೂಪಾಯಿಯ ವ್ಯವಹಾರ ನಡೆಯುತ್ತದೆ, ಎಲ್ಲವೂ ಆ ಟೋಕನ್ನಿನಲ್ಲೇ. ಜನ ಅದನ್ನು ಸರಾಸರಿ ಒಂದು ತಿಂಗಳು ಕೈಯಲ್ಲಿಟ್ಟುಕೊಂಡರೆ ಅದು ವರ್ಷಕ್ಕೆ 12 ಸುತ್ತು ಹೊಡೆಯುತ್ತದೆ. ಆಗ ಎಲ್ಲ ಟೋಕನ್ನುಗಳ ಒಟ್ಟು ಬೆಲೆ ಸುಮಾರು 83 ಕೋಟಿ ಇದ್ದರೆ ಸಾಕು. ಬೇಕಾದಾಗ ಕೊಂಡು, ಕೆಲಸ ಮುಗಿಸಿ, ಒಂದು ಗಂಟೆಯಲ್ಲಿ ಮಾರಿಬಿಡುವಂತಾದರೆ ವರ್ಷಕ್ಕೆ 8,760 ಸುತ್ತು. ಆಗ ಅದೇ ಸಾವಿರ ಕೋಟಿಯ ವ್ಯವಹಾರವನ್ನು ಸುಮಾರು 11.4 ಲಕ್ಷ ರೂಪಾಯಿಯ ಟೋಕನ್ ನಡೆಸಿಬಿಡುತ್ತದೆ. ವ್ಯವಹಾರ ಒಂದು ರೂಪಾಯಿಯೂ ಕಡಿಮೆಯಾಗಿಲ್ಲ. ಟೋಕನ್ನಿನ ಬೆಲೆ ಮಾತ್ರ 83 ಕೋಟಿಯಿಂದ 11 ಲಕ್ಷಕ್ಕೆ ಇಳಿಯಿತು.

‘ನಮ್ಮ ಆ್ಯಪ್ ಜಗತ್ತನ್ನೇ ಗೆಲ್ಲುತ್ತದೆ, ಆದ್ದರಿಂದ ನಮ್ಮ ಟೋಕನ್ ಕೊಳ್ಳಿ’ ಎಂಬ ಮಾತಿನಲ್ಲಿರುವ ತೂತು ಇದೇ. ಆ್ಯಪ್ ಗೆದ್ದರೂ ಟೋಕನ್ ಸೋಲಬಹುದು. ಕೈಯಲ್ಲಿ ಹಿಡಿದಿಟ್ಟುಕೊಳ್ಳಲು ಕಾರಣವಿಲ್ಲದ ಟೋಕನ್ ಬಾಲ್ ಟೋಕನ್ನಿನಂತೆ ದುಡಿಯುತ್ತದೆ, ಬೆಲೆ ಗಳಿಸುವುದಿಲ್ಲ.

ಹಿಡಿದಿಟ್ಟುಕೊಳ್ಳಲು ಏನು ಕಾರಣ?

2015ರ ಜುಲೈಯಲ್ಲಿ ಶುರುವಾದ ಇಥೀರಿಯಂ ಎಂಬ ಇನ್ನೊಂದು ಕ್ರಿಪ್ಟೊ ಜಾಲ ಈ ಪ್ರಶ್ನೆಗೆ ಎರಡು ಉತ್ತರ ಹುಡುಕಿತು. 2021ರ ಆಗಸ್ಟ್ 5ರಿಂದ ಅದರ ಪ್ರತಿ ವ್ಯವಹಾರದ ಮೂಲ ಶುಲ್ಕವನ್ನು ಯಾರಿಗೂ ಕೊಡದೆ ಸುಟ್ಟುಹಾಕಲಾಗುತ್ತದೆ. ಅಂದರೆ ಆ ನಾಣ್ಯಗಳು ಲೆಕ್ಕದಿಂದಲೇ ಶಾಶ್ವತವಾಗಿ ಮಾಯ. ಬಳಕೆ ಹೆಚ್ಚಿದಷ್ಟೂ ಉಳಿದವರ ಪಾಲು ಒಂದಿಷ್ಟು ಹಿಗ್ಗುತ್ತದೆ. 2022ರ ಸೆಪ್ಟೆಂಬರ್ 15ರಂದು ಅದು ಮೈನಿಂಗ್ ಕೈಬಿಟ್ಟು ಠೇವಣಿಯ ವಿಧಾನಕ್ಕೆ ಬಂತು. 32 ನಾಣ್ಯ ಒತ್ತೆಯಿಟ್ಟವರು ಪುಟ ಬರೆಯುತ್ತಾರೆ, ಪ್ರತಿಫಲ ಪಡೆಯುತ್ತಾರೆ, ಮೋಸ ಮಾಡಿದರೆ ಒತ್ತೆ ಕಳೆದುಕೊಳ್ಳುತ್ತಾರೆ. ವಿದ್ಯುತ್ ಬಳಕೆ ಶೇ. 99ಕ್ಕೂ ಹೆಚ್ಚು ಇಳಿಯಿತು. ನಾಣ್ಯಕ್ಕೆ ಫಲ ಕೊಡುವ ಮರದ ಗುಣ ಒಂದಿಷ್ಟು ಬಂತು.

ಇದರಲ್ಲೂ ತೊಡಕಿದೆ. 2024ರ ಮಾರ್ಚ್‌ನ ಸುಧಾರಣೆಯಿಂದ ಇಥೀರಿಯಂ ಮೇಲೆ ಕಟ್ಟಿದ ಉಪಜಾಲಗಳ ಶುಲ್ಕ ತುಂಬ ಅಗ್ಗವಾಯಿತು. ಬಳಕೆದಾರರಿಗೆ ಇದು ಒಳ್ಳೆಯದೇ. ಆದರೆ ಸುಡುವ ನಾಣ್ಯ ಕಡಿಮೆಯಾಗಿ ಒಟ್ಟು ಸಂಖ್ಯೆ ಮತ್ತೆ ಬೆಳೆಯತೊಡಗಿತು. ಪ್ರಯಾಣಿಕನಿಗೆ ಅಗ್ಗದ ಟಿಕೆಟ್ ಬೇಕು, ಷೇರುದಾರನಿಗೆ ಲಾಭ ಬೇಕು. ಈ ಎಳೆದಾಟ ಯಾವ ಟೋಕನ್ನನ್ನೂ ಬಿಟ್ಟಿಲ್ಲ.

ಬಿಟ್‌ಕಾಯಿನ್ನಿನ ಕಥೆ ಬೇರೆ. ಅದು ಬಡ್ಡಿ ಕೊಡುವುದಿಲ್ಲ, ಫಲ ಬಿಡುವುದಿಲ್ಲ. ಹಿಡಿದಿಟ್ಟುಕೊಳ್ಳುವುದೇ ಅದರ ಮುಖ್ಯ ಬಳಕೆ. ಚಿನ್ನವೂ ಹೀಗೇ ಅಲ್ಲವೇ ಎನ್ನಬಹುದು. ಹೌದು, ಆದರೆ ಚಿನ್ನಕ್ಕೆ ಕೊನೆಗೆ ಒಡವೆಯ ಆಸರೆಯಿದೆ. ಬಿಟ್‌ಕಾಯಿನ್ನಿನ ಆಸರೆ ‘ನಿಯಮ ಬದಲಾಗದು, ನನ್ನ ಹಾಗೆ ನಾಳೆಯೂ ಜನ ನಂಬುತ್ತಾರೆ’ ಎಂಬ ಒಪ್ಪಂದ ಮಾತ್ರ. ಅದು ಗಟ್ಟಿಯಾದ ಒಪ್ಪಂದ ಎಂದು ಇಷ್ಟು ವರ್ಷ ತೋರಿಸಿಕೊಟ್ಟಿದೆ. ಕುಸಿದರೆ ಕೆಳಗೆ ನೆಲವಿಲ್ಲ ಎಂಬುದೂ ಅಷ್ಟೇ ನಿಜ.

ಕಾವಲಿನ ಖರ್ಚು

ಪೆಟ್ಟಿಗೆಗೆ ವಿದ್ಯುತ್ ಬೇಕು, ಮಾಸ್ತರರಿಗೆ ಸಂಬಳ ಬೇಕು. ಬಿಟ್‌ಕಾಯಿನ್ ಜಾಲಕ್ಕೆ ಇಂದು ದಿನಕ್ಕೆ ಸರಾಸರಿ 144 ಬ್ಲಾಕ್, 450 ಹೊಸ ನಾಣ್ಯ. ಕಾವಲುಗಾರರ ಸಂಬಳದ ದೊಡ್ಡ ಪಾಲು ಅದೇ. ಅದು ಅರ್ಧರ್ಧವಾಗುತ್ತ ಹೋದಂತೆ ವ್ಯವಹಾರದ ಶುಲ್ಕವೇ ಆ ಜಾಗ ತುಂಬಬೇಕು. ತುಂಬದಿದ್ದರೆ ಕಾವಲು ಸಡಿಲವಾಗುತ್ತದೆ. ಇದು ಬೆದರಿಸುವ ಮಾತಲ್ಲ. 2018ರ ಮೇ ತಿಂಗಳಲ್ಲಿ ಬಿಟ್‌ಕಾಯಿನ್ ಗೋಲ್ಡ್, 2019 ಮತ್ತು 2020ರಲ್ಲಿ ಇಥೀರಿಯಂ ಕ್ಲಾಸಿಕ್ ಎಂಬ ಬೇರೆ, ಚಿಕ್ಕ ಜಾಲಗಳಲ್ಲಿ ಗಣನಾ ಬಲದ ಬಹುಪಾಲನ್ನು ಕೈಗೆ ತೆಗೆದುಕೊಂಡವರು ಒಂದೇ ನಾಣ್ಯವನ್ನು ಎರಡು ಸಲ ಖರ್ಚು ಮಾಡಿಯೇಬಿಟ್ಟರು. ಬಡ ಕಾವಲಿನ ಹಳಿಯ ಮೇಲೆ ಎರಡು ಗುಂಡು ಹೊರಬಂದ ಹಾಗಾಯಿತು.

ಗರಿಷ್ಠ ಧಾರಣೆಯ ಲೆಕ್ಕ

ಪತ್ರಿಕೆಯಲ್ಲಿ ಅಡಿಕೆ ಧಾರಣೆ ನೋಡುವವರಿಗೆ ಗೊತ್ತು: ಸರಕು, ಬೆಟ್ಟೆ, ರಾಶಿ, ಗೊರಬಲು, ಪ್ರತಿಯೊಂದಕ್ಕೂ ಕನಿಷ್ಠ, ಗರಿಷ್ಠ. ಭೀಮಸಮುದ್ರದಲ್ಲೋ ಶಿವಮೊಗ್ಗದಲ್ಲೋ ಒಂದು ಚೀಲಕ್ಕೆ ಗರಿಷ್ಠ ಬೆಲೆ ಸಿಕ್ಕಿತೆಂದು, ಅದರಿಂದ ಜಿಲ್ಲೆಯ ಅಷ್ಟೂ ಅಡಿಕೆಯನ್ನು ಗುಣಿಸಿ ‘ನಾವು ಇಷ್ಟು ಕೋಟಿಯ ಒಡೆಯರು’ ಎಂದು ಯಾವ ಬೆಳೆಗಾರರೂ ಬೀಗುವುದಿಲ್ಲ. ಎಲ್ಲರೂ ಒಂದೇ ದಿನ ಚೀಲ ಇಳಿಸಿದರೆ ಆ ಧಾರಣೆ ನಿಲ್ಲುವುದಿಲ್ಲ.

ಟೋಕನ್ನುಗಳ ‘ಮಾರುಕಟ್ಟೆ ಮೌಲ್ಯ’ ಎಂದು ಸಾರುವುದು ಇದೇ ಗುಣಾಕಾರ. 100 ಕೋಟಿ ಟೋಕನ್ ಸೃಷ್ಟಿಸಿ, 90 ಕೋಟಿಯನ್ನು ಸ್ಥಾಪಕರು ಮತ್ತು ಮೊದಲ ಹೂಡಿಕೆದಾರರು ಬೀಗದಲ್ಲಿಟ್ಟುಕೊಂಡು, ಉಳಿದ 10 ಕೋಟಿಯಲ್ಲಿ ಸ್ವಲ್ಪ ಹತ್ತು ರೂಪಾಯಿಗೆ ಮಾರಾಟವಾದರೆ ಒಟ್ಟು ‘ಮೌಲ್ಯ’ ಸಾವಿರ ಕೋಟಿ. ಬೀಗ ತೆರೆದು ಆ 90 ಕೋಟಿ ಮಾರುಕಟ್ಟೆಗೆ ಇಳಿಯುವ ದಿನಾಂಕಗಳು ಟೋಕನ್ನಿನ ದಾಖಲೆಯಲ್ಲೇ ಇರುತ್ತವೆ. ಕೊಳ್ಳುವ ಮುನ್ನ ಓದಬೇಕಾದ ಪುಟ ಅದು.

ಸಂಖ್ಯೆಯ ನಿಯಮ ಸಡಿಲವಾದರೆ ಏನಾಗುತ್ತದೆಂದು 2022ರ ಮೇ ತಿಂಗಳು ತೋರಿಸಿತು. ಟೆರಾ ಎಂಬ ಜಾಲದಲ್ಲಿ ಸದಾ ಒಂದು ಡಾಲರಿಗೆ ಸಮ ಎನ್ನಲಾದ ನಾಣ್ಯವೊಂದಿತ್ತು, ಅದಕ್ಕೆ ಶೇ. 20ರ ಆಸುಪಾಸಿನ ಬಡ್ಡಿಯ ಆಮಿಷ. ಅದನ್ನು ಹಿಡಿದು ನಿಲ್ಲಿಸುವ ಕೆಲಸ ಲೂನಾ ಎಂಬ ಇನ್ನೊಂದು ಟೋಕನ್ನಿನದು. ಜನ ಒಮ್ಮೆಗೇ ಹಣ ಹಿಂದಕ್ಕೆ ಕೇಳಿದಾಗ ಜಾಲ ಲೂನಾವನ್ನು ಅಚ್ಚು ಹಾಕುತ್ತಲೇ ಹೋಯಿತು. ಸುಮಾರು 35 ಕೋಟಿ ಇದ್ದ ಟೋಕನ್ ಒಂದು ವಾರದಲ್ಲಿ 6.5 ಲಕ್ಷ ಕೋಟಿ ದಾಟಿತು. ಎಂಬತ್ತು ಡಾಲರ್ ಆಸುಪಾಸಿನಲ್ಲಿದ್ದ ಬೆಲೆ ಪೈಸೆಗೂ ಕೆಳಗೆ ಹೋಯಿತು. ಬಡ್ಡಿ ಕೊಡಲು ಹಣ ಎಲ್ಲಿಂದ ಬರುತ್ತಿದೆ ಎಂದು ಕೇಳಿದ್ದವರು ಉಳಿದುಕೊಂಡರು.

ದೇಶದ ಕಾನೂನೂ ಬೇಡಿಕೆಯನ್ನು ಏರಿಳಿಸುತ್ತದೆ. 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಕ್ರಿಪ್ಟೊ ವ್ಯವಹಾರಗಳಿಗೆ ಬ್ಯಾಂಕ್ ಸೇವೆ ನಿಲ್ಲಿಸಿತು, 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನು ರದ್ದುಗೊಳಿಸಿತು. 2022ರ ಏಪ್ರಿಲ್‌ನಿಂದ ಲಾಭದ ಮೇಲೆ ಶೇ. 30 ತೆರಿಗೆ ಇದೆ, ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಅದೇ ವರ್ಷ ಡಿಸೆಂಬರ್ 1ರಂದು ಬೆಂಗಳೂರೂ ಸೇರಿ ನಾಲ್ಕು ನಗರಗಳಲ್ಲಿ ಜನಬಳಕೆಯ ಡಿಜಿಟಲ್ ರೂಪಾಯಿಯ ಪ್ರಯೋಗ ಶುರುವಾಯಿತು. ಕೇವಲ ಪಾವತಿಯ ಅನುಕೂಲಕ್ಕೆಂದು ಹುಟ್ಟಿದ ಟೋಕನ್, ಯುಪಿಐ ಇರುವ ನಾಡಿನಲ್ಲಿ ತಾನು ಯಾಕೆ ಬೇಕು ಎಂದು ಹೇಳಲೇಬೇಕಾಗುತ್ತದೆ.

ಜೋಡಿ ಹಳಿ ಬಂದ ಮೇಲೆ

ಮತ್ತೆ ಶಿವನಿಗೆ ಬರೋಣ. ಹೋಗುವುದಕ್ಕೊಂದು, ಬರುವುದಕ್ಕೊಂದು ಹಳಿ ಆದ ಮೇಲೆ, ಬಣ್ಣದ ದೀಪಗಳ ಸಿಗ್ನಲ್ ಬಂದ ಮೇಲೆ, ಉಕ್ಕಿನ ಗುಂಡನ್ನು ಕೇಳುವವರಿಲ್ಲ. ಗುಂಡು ಕೆಟ್ಟಿರಲಿಲ್ಲ. ಅದರ ಮೇಲೆ ಕೆತ್ತಿದ ಅಕ್ಷರ ಅಳಿಸಿರಲಿಲ್ಲ. ಅದರ ಕೆಲಸವನ್ನು ಮಾಡುವ ಇನ್ನೊಂದು ದಾರಿ ಸಿಕ್ಕಿತು, ಅಷ್ಟೇ.

ಯಾರಾದರೂ ನಿಮ್ಮ ಮುಂದೆ ಹೊಸ ಟೋಕನ್ ಒಂದನ್ನು ಹಿಡಿದರೆ ಬೆಲೆಯ ಏರಿಳಿತದ ಗೆರೆ ನೋಡಬೇಡಿ. ಈ ಹಳಿಯ ಮೇಲೆ ನಿಜವಾದ ಸರಕು ಹೋಗುತ್ತಿದೆಯೇ, ಕೇಳಿ. ಇನ್ನೂ ಎಷ್ಟು ಗುಂಡುಗಳು ಪೆಟ್ಟಿಗೆಯಲ್ಲಿವೆ, ಬೀಗದ ಕೈ ಯಾರ ಹತ್ತಿರ ಇದೆ? ಕಾವಲಿನವರಿಗೆ ಸಂಬಳ ಎಲ್ಲಿಂದ? ಕೊಂಡವರು ಅದನ್ನು ಇಟ್ಟುಕೊಳ್ಳಲು ಮಾರುವ ಆಸೆ ಬಿಟ್ಟು ಬೇರೆ ಕಾರಣವಿದೆಯೇ? ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದದ್ದು: ಈ ಟೋಕನ್ ಇಲ್ಲದೆಯೂ ರೈಲು ಓಡುತ್ತದೆಯೇ?

ಓಡುತ್ತದೆ ಎಂದಾದರೆ, ಒಂದು ದಿನ ಅದು ಟೋಕನ್ ಬಿಟ್ಟೇ ಓಡುತ್ತದೆ. ಬೆವರಿನ ದುಡ್ಡು ಹಾಕುವ ಮುನ್ನ ಈ ಪ್ರಶ್ನೆಗೆ ನಿಮ್ಮಲ್ಲಿ ಉತ್ತರವಿರಲಿ.